ಕ್ರಿಯಾಸಂಶೋಧನೆ ಮತ್ತು ಚರಿತ್ರೆಯ ಅಧ್ಯಾಪನ

ವರ್ಷಗಳು ಕಳೆದಂತೆ ಅಧ್ಯಾಪಕನ ಅನುಭವವು ತಾನಾಗಿಯೇ ಪಕ್ವವಾಗುವುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಪರೀಕ್ಷೆಗೆ ಒಳಪಡದ ಅನುಭವವು ಬರಿಯ ರೂಢಿಯಾಗಿ ಉಳಿಯುವುದೇ ಹೆಚ್ಚು. ಅದನ್ನು ಜ್ಞಾನವನ್ನಾಗಿ ಮಾರ್ಪಡಿಸುವ ಸಾಧನಗಳಲ್ಲಿ ಕ್ರಿಯಾಸಂಶೋಧನೆಯೂ ಒಂದು. 1946ರಲ್ಲಿ ಮನಶ್ಶಾಸ್ತ್ರಜ್ಞನಾದ ಕರ್ಟ್ ಲೆವಿನನು ಸಾಮಾಜಿಕ ಸಮಸ್ಯೆಗಳನ್ನು ಕುರಿತು ಈ ವಿಧಾನವನ್ನು ನಿರೂಪಿಸಿದನು. 1953ರಲ್ಲಿ ಸ್ಟೀಫನ್ ಕೋರಿಯು ಇದನ್ನು ಶಾಲೆಗಳಿಗೆ ಅನ್ವಯಿಸಿ ಗ್ರಂಥವೊಂದನ್ನು ಪ್ರಕಟಿಸಿದನು. ಇಂದು ನಮ್ಮ ಬಿ.ಎಡ್. ವ್ಯಾಸಂಗದಲ್ಲಿಯೂ ಇದಕ್ಕೆ ಸ್ಥಾನವುಂಟು.

ಇತರ ಸಂಶೋಧನೆಯು ಎಲ್ಲೆಡೆ ಸಲ್ಲುವ ತತ್ತ್ವವನ್ನು ಅರಸುತ್ತದೆ. ಇದಾದರೋ ಈ ತರಗತಿಯ ಈ ತೊಡಕನ್ನು ಬಿಡಿಸಲೆಳಸುತ್ತದೆ. ತೊಡಕನ್ನು ಗುರುತಿಸುವುದು, ಕಾರಣವನ್ನು ಊಹಿಸುವುದು, ಒಂದೇ ಒಂದು ಬದಲಾವಣೆಯನ್ನು ಮಾಡಿ ಫಲವನ್ನು ದಾಖಲಿಸುವುದು, ಅದರ ಬೆಳಕಿನಲ್ಲಿ ಪಾಠವನ್ನು ತಿದ್ದುವುದು—ಇವು ಇದರ ಹಂತಗಳು.

ಮಂಗಳೂರಿನ ತರಗತಿಯೊಂದನ್ನು ಊಹಿಸಿಕೊಳ್ಳೋಣ. 1837ರ ಅಮರಸುಳ್ಯದ ದಂಗೆಯ ಕಾರಣವನ್ನು ಕೇಳಿದರೆ, ದಂಗೆಕೋರರು ಸುಳ್ಯದಿಂದ ಹೊರಟು ಮಂಗಳೂರನ್ನು ಹಿಡಿದುದನ್ನಷ್ಟೆ ಹಲವರು ಬರೆಯುತ್ತಾರೆ. 1834ರಲ್ಲಿ ಕೊಡಗು ಕಂಪೆನಿಯ ವಶವಾದ ಮೇಲೆ, ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ ಸಂಗತಿಯು ಉತ್ತರದಲ್ಲಿ ಬರುವುದಿಲ್ಲ. ಇದಕ್ಕೆ ಎರಡು ಕಾರಣಗಳಿರಬಹುದು: ಘಟನಾಕ್ರಮಕ್ಕೂ ಕಾರಣಕ್ಕೂ ಇರುವ ಭೇದವು ತಿಳಿಯದಿರುವುದು; ಅಥವಾ ತಿಳಿದುದನ್ನು ಗ್ರಾಂಥಿಕ ಕನ್ನಡದಲ್ಲಿ ಹೇಳಲು ಬಾರದಿರುವುದು. ಅದೇ ಪ್ರಶ್ನೆಗೆ ತುಳು, ಕೊಂಕಣಿ ಅಥವಾ ಬ್ಯಾರಿ ಮನೆಮಾತಿನಲ್ಲಿ ಬಾಯಿಯಿಂದ ಉತ್ತರಿಸಲು ಹೇಳಿದರೆ ಭೇದವು ಹೊರಪಡುವುದು. ಆ ಭಾಷೆಯನ್ನರಿಯದ ಅಧ್ಯಾಪಕನು ಸಹಪಾಠಿಯೊಬ್ಬನ ನೆರವನ್ನು ಪಡೆಯಬಹುದು. ತೊಡಕು ಭಾಷೆಯದೆಂದು ಕಂಡುಬಂದರೆ, ಮುಂದಿನ ಪಾಠದಲ್ಲಿ ಬರವಣಿಗೆಗೆ ಮೊದಲು ಹತ್ತು ನಿಮಿಷ ಮನೆಮಾತಿನಲ್ಲಿ ಚರ್ಚೆಯಾಗಲಿ. ಬಳಿಕ ಅಷ್ಟೇ ಕಷ್ಟದ ಬೇರೊಂದು ಪ್ರಶ್ನೆಯನ್ನು—1784ರ ಮಂಗಳೂರು ಒಪ್ಪಂದಕ್ಕೆ ಉಭಯ ಪಕ್ಷಗಳೂ ಸಮ್ಮತಿಸಿದುದೇಕೆ ಎಂಬುದನ್ನು—ಕೊಟ್ಟು, ಎರಡು ಬಾರಿಯ ಉತ್ತರಗಳನ್ನೂ ಹೋಲಿಸಿ ನೋಡತಕ್ಕದ್ದು. ಅದೇ ದಿನ ಭೂಪಟವನ್ನೂ ಹೊಸದಾಗಿ ತಂದರೆ, ಫಲವು ಯಾವುದರದೆಂದು ನಿರ್ಣಯಿಸಲಾಗದು.

ಒಂದು ತರಗತಿಯ ಫಲವನ್ನು ಎಲ್ಲ ತರಗತಿಗಳಿಗೂ ಆರೋಪಿಸುವುದು ಸಲ್ಲದು. ಸುಧಾರಣೆ ಕಾಣದಿದ್ದರೆ ಅದನ್ನೂ ಬರೆದಿಡಬೇಕು. ಯಶಸ್ಸನ್ನಷ್ಟೆ ತುಂಬಿದ ಕಡತವು ವರದಿಯಾದೀತೇ ಹೊರತು ಸಂಶೋಧನೆಯಾಗದು.

ಚರಿತ್ರಕಾರನು ಒಂದು ಶಾಸನವನ್ನು ಪರಿಶೀಲಿಸದೆ ತೀರ್ಪು ಕೊಡುವುದಿಲ್ಲ. ವಿದ್ಯಾರ್ಥಿಯ ಉತ್ತರಪತ್ರಿಕೆಯೂ ಒಂದು ಆಧಾರವೇ. ಅದನ್ನು ಶೋಧಿಸದೆ ಅವನನ್ನು ಮಂದಬುದ್ಧಿಯೆಂದು ಕರೆದರೆ, ಆ ಮಾತಿನ ಭಾರವನ್ನು ಅವನು ಬಹುಕಾಲ ಹೊರಬೇಕಾಗುತ್ತದೆ.