ತಿಕ್ಕದೆ ತೊಳೆಯುವ ಯಂತ್ರ

ದೋಸೆ ಹಿಟ್ಟು ಒಣಗಿ ಅಂಚಿಗೆ ಹಿಡಿದ ಪಾತ್ರೆಯನ್ನು ಹಾಗೇ ತಿಕ್ಕಲು ಹೋದರೆ ಉಗುರು ಸವೆಯಬೇಕು. ಅದಕ್ಕೆ ನೀರು ತುಂಬಿಸಿ ಅರ್ಧ ಗಂಟೆ ಬಿಟ್ಟು ಬನ್ನಿ. ಬೆರಳಾಡಿಸಿದರೆ ಸಾಕು, ಹಕ್ಕಳೆ ಎದ್ದು ಬರುತ್ತದೆ. ಒಣಗಿ ಬಿಗಿದುಕೊಂಡಿದ್ದ ಪಿಷ್ಟ ನೀರು ಹೀರಿ ಉಬ್ಬಿ ಹಿಡಿತ ಬಿಟ್ಟಿರುತ್ತದೆ. ಡಿಶ್‌ವಾಷರ್ ನಿಂತಿರುವುದು ಈ ಸಂಗತಿಯ ಮೇಲೆಯೇ. ಅದರೊಳಗೆ ಬ್ರಷ್ಷೂ ಇಲ್ಲ, ನಾರೂ ಇಲ್ಲ.

ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫೀನ್ ಕಾಕ್ರನ್ 1886ರ ಡಿಸೆಂಬರ್ 28ರಂದು ಇದಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮೊದಲು ಕೈಯಲ್ಲಿ ತಿರುಗಿಸಿ ನೀರು ಎರಚುವ ಮರದ ಯಂತ್ರವೊಂದು ಬಂದಿತ್ತು, ಕೆಲಸಕ್ಕೆ ಬರಲಿಲ್ಲ. ಕಾಕ್ರನ್ ತಟ್ಟೆ, ಬಟ್ಟಲುಗಳ ಅಳತೆ ತೆಗೆದು ಅವು ಅಲುಗದಂತೆ ತಂತಿಯ ಗೂಡು ಹೆಣೆದರು, ಬಿಸಿ ಸಾಬೂನು ನೀರನ್ನು ಒತ್ತಡದಲ್ಲಿ ಚಿಮ್ಮಿಸಿದರು. 1893ರ ಷಿಕಾಗೋ ವಿಶ್ವಮೇಳದಲ್ಲಿ ಜನ ಆ ಯಂತ್ರವನ್ನು ಕಂಡರು. ಪಾತ್ರೆ ಗೂಡಿನಲ್ಲಿ ಭದ್ರವಾಗಿ ಕೂರಬೇಕು, ಚಿಮ್ಮುವ ನೀರೇ ತೊಳೆಯಬೇಕು ಎಂಬ ಅವರ ಎಣಿಕೆ ಇಂದಿನ ಯಂತ್ರದಲ್ಲೂ ಹಾಗೇ ಉಳಿದಿದೆ.

ಬಾಗಿಲು ತೆರೆದರೆ ತಳದಲ್ಲಿ ತೂತುಗಳಿರುವ ಒಂದು ತೋಳು ಕಾಣುತ್ತದೆ. ಅದನ್ನು ತಿರುಗಿಸಲು ಬೇರೆ ಮೋಟಾರಿಲ್ಲ. ಓರೆ ತೂತುಗಳಿಂದ ನೀರು ಚಿಮ್ಮಿದಾಗ ತೋಳು ಎದುರು ದಿಕ್ಕಿಗೆ ತಳ್ಳಿಸಿಕೊಂಡು ತಾನೇ ಸುತ್ತುತ್ತದೆ. ಒಂದು ಸೌಟಿನ ಹಿಡಿ ಕೆಳಗೆ ಜೋತು ಅಡ್ಡವಾದರೂ ತೋಳು ನಿಂತುಹೋಗುತ್ತದೆ, ಅರ್ಧ ಪಾತ್ರೆಗಳು ಮುಸುರೆಯಾಗಿಯೇ ಉಳಿಯುತ್ತವೆ. ಬಾಗಿಲು ಮುಚ್ಚುವ ಮುಂಚೆ ತೋಳನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಬೇಕು. ಒಂದು ಸಲಕ್ಕೆ ತುಂಬಿಕೊಳ್ಳುವ ಮೂರು ನಾಲ್ಕು ಲೀಟರ್ ನೀರನ್ನೇ ಪಂಪು ಸೋಸಿ ಸೋಸಿ ಮತ್ತೆ ಚಿಮ್ಮಿಸುತ್ತದೆ. ಇಡೀ ತೊಳೆತಕ್ಕೆ ಹತ್ತು ಹದಿನೈದು ಲೀಟರ್ ಸಾಕಾಗುವುದು ಅದಕ್ಕೇ. ನೀರಿನ ಬಿಸಿ 50ರಿಂದ 70 ಡಿಗ್ರಿ. ನಮ್ಮ ಕೈ ಅದನ್ನು ತಾಳಲಾರದು, ಆದರೆ ಜಿಡ್ಡು ಕರಗಲು ಅಷ್ಟು ಬಿಸಿ ಬೇಕು.

ಇನ್ನು ಪುಡಿಯ ವಿಚಾರ. ನಮ್ಮ ಅಜ್ಜಿಯರು ಒಲೆಯ ಬೂದಿ ಹಾಕಿ ಪಾತ್ರೆ ಬೆಳಗುತ್ತಿದ್ದರು. ಬೂದಿಯ ಕ್ಷಾರ ಜಿಡ್ಡಿನ ಜೊತೆ ಸೇರಿ ಅದನ್ನೇ ಸಾಬೂನು ಮಾಡುತ್ತದೆ. ಡಿಶ್‌ವಾಷರ್ ಪುಡಿಯಲ್ಲಿರುವ ಸೋಡಾದ ಕೆಲಸವೂ ಅದೇ. ಅದರ ಜೊತೆಗೆ ಪಿಷ್ಟವನ್ನು ತುಂಡರಿಸುವ, ಪ್ರೋಟೀನನ್ನು ತುಂಡರಿಸುವ ಕಿಣ್ವಗಳಿರುತ್ತವೆ. ಅವಕ್ಕೆ ಕೆಲಸ ಮಾಡಲು ಸಮಯ ಬೇಕು, ಯಂತ್ರ ಗಂಟೆಗಟ್ಟಲೆ ಓಡುವುದಕ್ಕೆ ಇದೂ ಒಂದು ಕಾರಣ. ಅಂಟಿದ್ದನ್ನು ಕಿಣ್ವಗಳೇ ಬಿಡಿಸುವುದರಿಂದ ತಟ್ಟೆಗಳನ್ನು ನಲ್ಲಿಯಡಿ ಮೊದಲೇ ತೊಳೆದು ಒಳಗಿಡುವುದು ಬರೀ ದಂಡ. ಮುಸುರೆಯನ್ನು ಒರೆಸಿ ತೆಗೆದರೆ ಸಾಕು.

ನಮ್ಮಲ್ಲಿ ನಿಜವಾದ ತೊಡಕು ಬೋರ್‌ವೆಲ್ ನೀರಿನದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಗಾಜಿನ ಲೋಟದ ಮೇಲೆ ಬಿಳಿ ಕಲೆ ಕೂರಿಸುತ್ತವೆ. ಯಂತ್ರದೊಳಗಿನ ರಾಳದ ಮಣಿಗಳು ಅವನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಸೋಡಿಯಂ ಮುಗಿದಾಗ ಮಣಿಗಳಿಗೆ ಮತ್ತೆ ಅದನ್ನು ತುಂಬಿಸಲಿಕ್ಕೇ ಯಂತ್ರಕ್ಕೆ ದಪ್ಪ ಉಪ್ಪು ಹಾಕುವುದು. ಉಪ್ಪು ತೀರಿದ್ದನ್ನು ಗಮನಿಸದೆ ಪುಡಿಯನ್ನು ದೂರುವವರೇ ಹೆಚ್ಚು.

ಕಬ್ಬಿಣದ ಕಾವಲಿ, ಹಿತ್ತಾಳೆ, ಮರದ ಸೌಟು ಇದರೊಳಗೆ ಹೋಗಬಾರದು. ಅಲ್ಯೂಮಿನಿಯಂ ಪಾತ್ರೆ ಕ್ಷಾರಕ್ಕೆ ಕಪ್ಪಾಗುತ್ತದೆ. ಯಂತ್ರವೇ ಇಲ್ಲದ ಮನೆಯಲ್ಲೂ ಇದೇ ವಿದ್ಯೆ ನಡೆಯುತ್ತದೆ: ಉಂಡೆದ್ದ ಕೂಡಲೇ ತಟ್ಟೆಗಳನ್ನು ಬೇಸಿನ್ನಿನ ಬಿಸಿನೀರಿಗೆ ಇಳಿಸಿ. ತಳ ಹಿಡಿದ ಸ್ಟೀಲ್ ಪಾತ್ರೆಗೆ ನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಲು ಬಿಡಿ. ಆಮೇಲೆ ಮರದ ಸೌಟಿನಲ್ಲಿ ತಳವನ್ನು ಮೆಲ್ಲಗೆ ಕೆದಕಿ ನೋಡಿ, ಸೀದದ್ದು ಹಾಳೆಯಂತೆ ಏಳುತ್ತದೆ.