ಕರಡಿಯಾಗುವುದಕ್ಕೂ ಒಂದು ಲೆಕ್ಕವಿದೆ

ಮಾರೀಚ ಹೊನ್ನಿನ ಜಿಂಕೆಯಾದಾಗ, ದಿನಕ್ಕೆ ಎಷ್ಟು ಸಲ ಹೀಗಾಗಬಹುದು, ಎಷ್ಟು ಹೊತ್ತು ಹಾಗೇ ಇರಬಹುದು ಎಂದು ಯಾರೂ ಅವನನ್ನು ಕೇಳಲಿಲ್ಲ. ಲಂಕೆಯೊಳಗೆ ನುಸುಳಲು ಮೈ ಕುಗ್ಗಿಸಿಕೊಂಡ ಹನುಮಂತನಿಗೂ ಯಾರೂ ಕೋಷ್ಟಕ ತೋರಿಸಲಿಲ್ಲ. ಕಥೆಯಲ್ಲಿ ಅದು ಬೇಕಿಲ್ಲ. ಹೇಳುವವನ ಬಾಯಲ್ಲಿ ಎಲ್ಲವೂ ನಡೆಯುತ್ತದೆ. ಆದರೆ ಐದು ಜನ ಒಂದು ಮೇಜಿನ ಸುತ್ತ ಕುಳಿತು ಒಟ್ಟಾಗಿ ಕಥೆ ಕಟ್ಟುವಾಗ, ಒಬ್ಬ ಇದ್ದಕ್ಕಿದ್ದಂತೆ ‘ನಾನೀಗ ಕರಡಿ’ ಎಂದರೆ ಉಳಿದ ನಾಲ್ವರು ಸುಮ್ಮನಿರುವುದಿಲ್ಲ. ಎಂಥ ಕರಡಿ? ಎಷ್ಟು ಹೊತ್ತು? ಪೆಟ್ಟು ಬಿದ್ದರೆ ಅದು ಕರಡಿಗೋ, ನಿನಗೋ? ಈ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಹುಡುಕುವುದರಲ್ಲೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಹತ್ತಿರ ಹತ್ತಿರ ಅರ್ಧ ಶತಮಾನ ಕಳೆದಿದೆ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟವಿದು. ಇದರಲ್ಲಿ ಗೆದ್ದವರು, ಸೋತವರು ಎಂದಿಲ್ಲ. ಯಕ್ಷಗಾನದ ಭಾಗವತನಂತೆ ಒಬ್ಬ ಆಟ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ತಾಳಮದ್ದಳೆಯ ಅರ್ಥಧಾರಿಗಳಂತೆ ಮಾತು ಕುಳಿತಲ್ಲೇ ಹುಟ್ಟುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಹೊಡೆದ ಏಟು ತಗುಲಿತೇ, ಹಾರಿದವನು ಕಂದಕ ದಾಟಿದನೇ ಎಂಬುದನ್ನು 20 ಮುಖಗಳ ದಾಳ ತೀರ್ಮಾನಿಸುತ್ತದೆ.

ಪಾತ್ರಗಳಲ್ಲಿ ಯೋಧ, ಮಾಂತ್ರಿಕ, ಕಳ್ಳ ಹೀಗೆ ಹಲವು ಬಗೆ. 1976ರಲ್ಲಿ ಇವರ ಸಾಲಿಗೆ ಡ್ರುಯಿಡ್ ಸೇರಿದ. ಪ್ರಾಚೀನ ಕೆಲ್ಟ್ ಜನರ ಪುರೋಹಿತರಿಂದ ಎರವಲು ಪಡೆದ ಹೆಸರು. ಆಟದಲ್ಲಿ ಮಾತ್ರ ಈತ ಕಾಡು ಕಾಯುವವ, ಪ್ರಾಣಿರೂಪ ತಾಳಬಲ್ಲವ. 1978ರ ನಿಯಮ ಚೊಕ್ಕವಾಗಿತ್ತು. 7ನೆಯ ಹಂತ ತಲುಪಿದ ಡ್ರುಯಿಡ್ ದಿನಕ್ಕೆ ಮೂರು ಸಲ ರೂಪ ಬದಲಿಸಬಹುದು: ಒಮ್ಮೆ ಸಸ್ತನಿ, ಒಮ್ಮೆ ಸರೀಸೃಪ, ಒಮ್ಮೆ ಹಕ್ಕಿ. ಬದಲಾದಾಗ ಆಗಿದ್ದ ಗಾಯದ ನೂರಕ್ಕೆ 10ರಿಂದ 60 ಪಾಲು ಮಾಯುತ್ತದೆ. ಅಷ್ಟೇ.

ತೊಡಕು ಶುರುವಾದದ್ದು 2000ದಲ್ಲಿ ಬಂದ ಮೂರನೆಯ ಆವೃತ್ತಿಯಿಂದ. ಪ್ರತಿ ಪಾತ್ರಕ್ಕೂ ಶಕ್ತಿ, ಚುರುಕು, ತಾಳಿಕೆ ಎಂಬ ಮೂರು ದೇಹಗುಣ. ಬುದ್ಧಿ, ವಿವೇಕ, ವರ್ಚಸ್ಸು ಎಂಬ ಮೂರು ಮನೋಗುಣ. ರೂಪ ಬದಲಿಸಿದವನಿಗೆ ಪ್ರಾಣಿಯ ದೇಹಗುಣ ಬರುತ್ತದೆ, ಮನೋಗುಣ ತನ್ನದೇ ಉಳಿಯುತ್ತದೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಲೆಕ್ಕದಲ್ಲಿ ಚುರುಕಾದ ಹುಡುಗರು ಬಿರುಕು ಕಂಡುಹಿಡಿದರು. ದೇಹ ಹೇಗೂ ಕರಡಿಯದ್ದು ತಾನೆ? ಹಾಗಾದರೆ ಸ್ವಂತ ಮೈಗೆ ಅಂಕ ಸುರಿಯುವುದೇಕೆ? ಕಡ್ಡಿಪೈಲ್ವಾನನಂಥ ಡ್ರುಯಿಡ್‌ನನ್ನು ಸೃಷ್ಟಿಸಿ, ಅಂಕಗಳನ್ನೆಲ್ಲ ವಿವೇಕಕ್ಕೆ ಹಾಕಿದರು. ಪ್ರಾಣಿರೂಪದಲ್ಲೇ ಮಂತ್ರ ಹಾಕುವ ಇನ್ನೊಂದು ಸೌಲಭ್ಯವೂ ದೊರೆಯುತ್ತಿತ್ತು. ಪಕ್ಕದಲ್ಲಿ ಕತ್ತಿ ಹಿಡಿದು ನಿಂತ ಯೋಧನಿಗೆ ಕೆಲಸವೇ ಉಳಿಯಲಿಲ್ಲ. 2009ರಲ್ಲಿ, ನಾಲ್ಕನೆಯ ಆವೃತ್ತಿಯಲ್ಲಿ, ಅಂಕ ಬದಲಾಗದು, ರೂಪ ಮಾತ್ರ ಬದಲು ಎಂದು ತಿದ್ದಿದರು. ಲೆಕ್ಕವೇನೋ ಹಗುರವಾಯಿತು, ಅದರ ಜೊತೆಗೆ ಕರಡಿಯಾಗುವ ರುಚಿಯೂ ಹೋಯಿತು.

ಇವೆರಡರ ನಡುವಿನ ದಾರಿ ಹಿಡಿದದ್ದು 2014ರ ಐದನೆಯ ಆವೃತ್ತಿ. ಪ್ರತಿ ಪ್ರಾಣಿಗೂ ಒಂದು ಅಪಾಯಮಟ್ಟವಿದೆ. 2ನೆಯ ಹಂತದ ಡ್ರುಯಿಡ್ ಕಾಲು ಮಟ್ಟದವರೆಗಿನ ಪ್ರಾಣಿಯಾಗಬಹುದು, ಅದೂ ಹಾರುವ ಅಥವಾ ಈಜುವ ಪ್ರಾಣಿಯಲ್ಲ. ಈಜಲು 4ನೆಯ ಹಂತ, ಹಾರಲು 8ನೆಯ ಹಂತ ಬರಬೇಕು. ಹಂತದ ಅರ್ಧದಷ್ಟು ಗಂಟೆ ಆ ರೂಪ. ಎರಡು ಸಲ ಬಳಸಿದ ಮೇಲೆ ವಿಶ್ರಾಂತಿ ಕಡ್ಡಾಯ. ಎಲ್ಲಕ್ಕಿಂತ ಸ್ವಾರಸ್ಯದ ನಿಯಮ ಇನ್ನೊಂದಿದೆ: ಡ್ರುಯಿಡ್ ತಾನು ಕಣ್ಣಾರೆ ಕಂಡ ಪ್ರಾಣಿ ಮಾತ್ರ ಆಗಬಲ್ಲ. ಮರಳುಗಾಡಿನಲ್ಲಿ ಬೆಳೆದವನು ಮೊಸಳೆಯಾಗಬೇಕೆಂದರೆ ಮೊದಲು ಹೊಳೆಯ ದಂಡೆಗೆ ಹೋಗಬೇಕು. ಈ ಒಂದು ನಿಯಮಕ್ಕಾಗಿಯೇ ಮಕ್ಕಳು ಪ್ರಾಣಿಗಳ ಪುಸ್ತಕ ತಿರುವಿಹಾಕುತ್ತಾರೆ. ಬಾವಲಿಯಾದರೆ ಕತ್ತಲಲ್ಲೂ ಶಬ್ದದ ಪ್ರತಿಧ್ವನಿಯಿಂದ 60 ಅಡಿ ದೂರದವರೆಗೆ ಅರಿಯಬಹುದು, ಆದರೆ ಕಿವಿ ಕಿವುಡಾದರೆ ಆ ಶಕ್ತಿ ಇಲ್ಲ. ತೋಳವಾದರೆ ಸಂಗಡಿಗ ಶತ್ರುವಿನ ಪಕ್ಕದಲ್ಲಿದ್ದಾಗ ಏಟು ತಗುಲುವ ಸಂಭವ ಹೆಚ್ಚು. ತೋಳಗಳು ಗುಂಪಾಗಿ ಬೇಟೆಯಾಡುವ ಸಂಗತಿ ಇಲ್ಲಿ ನಿಯಮದ ರೂಪದಲ್ಲಿ ಬಂದಿದೆ.

ಇನ್ನು ಪೆಟ್ಟಿನ ಲೆಕ್ಕ. ಡ್ರುಯಿಡ್‌ಗೆ 15 ಜೀವಾಂಕ ಇದೆಯೆನ್ನಿ. ತೋಳವಾದರೆ ತೋಳದ 11 ಜೀವಾಂಕ ಮೇಲುಹೊದಿಕೆಯಂತೆ ಬರುತ್ತದೆ. 14 ಅಂಕದ ಪೆಟ್ಟು ಬಿತ್ತು. ತೋಳದ 11 ಮುಗಿಯಿತು, ರೂಪ ಕಳಚಿತು, ಮಿಕ್ಕ 3 ಮಾತ್ರ ಡ್ರುಯಿಡ್‌ನ ಮೈಗೆ. ಅವನಲ್ಲಿನ್ನೂ 12 ಉಳಿದಿದೆ.

ಈ ಹೊದಿಕೆಯೇ ಮತ್ತೆ ಜಗಳಕ್ಕೆ ಕಾರಣವಾಯಿತು. ಡ್ರುಯಿಡ್‌ಗಳಲ್ಲಿ ‘ಚಂದ್ರ ಪಂಥ’ದವರಿಗೆ 2ನೆಯ ಹಂತದಲ್ಲೇ ಕಂದು ಕರಡಿಯಾಗುವ ಅನುಮತಿ. ಕರಡಿಗೆ 34 ಜೀವಾಂಕ. ಎರಡು ಸಲಕ್ಕೆ 68. ಹೊಸದಾಗಿ ಆಟಕ್ಕೆ ಬಂದವನ ಸ್ವಂತ ಜೀವಾಂಕದ ನಾಲ್ಕು ಪಟ್ಟಿಗೂ ಹೆಚ್ಚು! 20ನೆಯ ಹಂತದಲ್ಲಂತೂ ಎಷ್ಟು ಸಲ ಬೇಕಾದರೂ ಬದಲಾಗಬಹುದಿತ್ತು. ಸರದಿ ಬಂದಾಗಲೆಲ್ಲ ಹೊಸದಾಗಿ ಮ್ಯಾಮತ್ ಆನೆಯಾಗಿ, ಪ್ರತಿ ಸಲ 126 ಜೀವಾಂಕ ಹೊದ್ದು ನಿಂತವನನ್ನು ಕೊಲ್ಲುವುದು ಹೇಗೆ? ಆಟ ನಡೆಸುವವರು ತಲೆ ಕೆರೆದುಕೊಂಡರು.

ಅಂಕಗಳ ಈ ಗದ್ದಲದ ಅಡಿಯಲ್ಲಿ ಇನ್ನೂ ಆಳದ ಪ್ರಶ್ನೆಯೊಂದಿದೆ: ಕರಡಿಯಾದವನು ಒಳಗೆ ಯಾರು? ಡ್ರುಯಿಡ್ ತನ್ನ ಬುದ್ಧಿ, ನೆನಪು ಉಳಿಸಿಕೊಳ್ಳುತ್ತಾನೆ. ಆದರೆ ಇದೇ ಆಟದಲ್ಲಿ ‘ಪಾಲಿಮಾರ್ಫ್’ ಎಂಬ ಮಂತ್ರವಿದೆ. ಅದರಿಂದ ಕಪ್ಪೆಯಾದವನಿಗೆ ಕಪ್ಪೆಯ ಬುದ್ಧಿಯೇ. ಹಳೆಯ ನಿಯಮಗಳಲ್ಲಿ ಇನ್ನೂ ಕಠಿಣ: ಇನ್ನೊಬ್ಬರ ಮಂತ್ರಕ್ಕೆ ಸಿಕ್ಕಿ ರೂಪ ಬದಲಾದವನು ಆ ಆಘಾತಕ್ಕೇ ಸಾಯುವ ಅಪಾಯವಿತ್ತು. ತಾನಾಗಿ ಬದಲಾಗುವುದು ಬೇರೆ, ಇನ್ನೊಬ್ಬರಿಂದ ಬದಲಾಗುವುದು ಬೇರೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದರಲ್ಲಿ ಹುಡುಗಿ ಹೂಮರವಾಗುತ್ತಾಳೆ. ಎರಡು ಕೊಡ ನೀರು, ಕೊಂಬೆಗೆ ನೋವಾಗದಂತೆ ಹೂ ಕೊಯ್ಯಬೇಕೆಂಬ ಎಚ್ಚರ, ಅಲ್ಲಿಯೂ ನಿಯಮಗಳಿವೆ. ಅವನ್ನು ಬೇರೆಯವರು ಮೀರಿದಾಗ ಅರೆಬರೆಯಾಗಿ ಉಳಿದವಳು ಅವಳೇ. ನಿಯಮವಿರುವುದು ಬಹುಶಃ ಹಿಂತಿರುಗಿ ಬರುವುದಕ್ಕೆ.

ಅಂದಹಾಗೆ, 1980ರ ದಶಕದ ಅಮೆರಿಕದಲ್ಲಿ ಕೆಲವು ಪೋಷಕರನ್ನು ಕಾಡಿದ ಭಯವೂ ಇದೇ. ಪಾತ್ರದೊಳಗೆ ಹೊಕ್ಕ ಮಗ ಹೊರಗೆ ಬಾರದೇ ಹೋದರೆ? ಆಟದ ವಿರುದ್ಧ ಚಳವಳಿಯೇ ನಡೆಯಿತು. ಆಟಕ್ಕೂ ಆಗ ಹೇಳಲಾದ ಅನಾಹುತಗಳಿಗೂ ಸಂಬಂಧವಿದೆಯೆಂದು ಸಾಬೀತಾಗಲಿಲ್ಲ. ಆದರೂ ಹೊತ್ತು ನೋಡದೆ ಆಡುವ ಮಗುವಿನ ತಾಯಿಯ ಆತಂಕ ಹುಸಿಯೇನಲ್ಲ. ಕರಡಿಗೆ ಗಂಟೆಯ ಮಿತಿ ಇರುವಾಗ ಮೇಜಿಗೂ ಒಂದು ಮಿತಿ ಇದ್ದರೆ ತಪ್ಪಿಲ್ಲ.

2023ರಲ್ಲಿ ಬಂದ ಈ ಆಟದ ಚಲನಚಿತ್ರದಲ್ಲಿ ಡೋರಿಕ್ ಎಂಬ ಹುಡುಗಿ ಕೋಟೆಯಿಂದ ತಪ್ಪಿಸಿಕೊಳ್ಳುವಾಗ ನೊಣ, ಇಲಿ, ಗಿಡುಗ, ಬೆಕ್ಕು, ಜಿಂಕೆ ಎಂದು ಸಾಲಾಗಿ ರೂಪ ಬದಲಿಸುತ್ತಾಳೆ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರೆ, ಆಟ ಬಲ್ಲವರು ಬೆರಳು ಮಡಿಸಿ ಎಣಿಸಿದರು. ಎರಡೇ ಸಲವಲ್ಲವೇ? ಆಕೆ ಗೂಬೆಕರಡಿಯೂ ಆಗುತ್ತಾಳೆ. 2014ರ ನಿಯಮದಲ್ಲಿ ಅದು ಪ್ರಾಣಿಯಲ್ಲ, ವಿಕೃತಜೀವಿ. ಸಿನಿಮಾಕ್ಕೆ ಅಷ್ಟು ಸಲುಗೆ ಇರಲಿ.

2024ರಲ್ಲಿ ನಿಯಮ ಮತ್ತೆ ಬದಲಾಯಿತು. ಈಗ ಡ್ರುಯಿಡ್ ತನ್ನ ಜೀವಾಂಕವನ್ನೇ ಇಟ್ಟುಕೊಳ್ಳುತ್ತಾನೆ. ಹೆಚ್ಚುವರಿಯಾಗಿ ಹಂತದಷ್ಟು ತಾತ್ಕಾಲಿಕ ಅಂಕ ಮಾತ್ರ. ಅದೇ 14ರ ಪೆಟ್ಟು ಈಗ ಬಿದ್ದರೆ? 2ನೆಯ ಹಂತಕ್ಕೆ 2 ಅಂಕದ ಹೊದಿಕೆ, ಮಿಕ್ಕ 12 ಮೈಗೆ. 15ರಲ್ಲಿ ಉಳಿಯುವುದು 3. ಮೊದಲಿನ ಧೈರ್ಯ ಈಗ ನಡೆಯದು. ಬದಲಿಗೆ ಸಿಕ್ಕಿದ್ದು ಮಾತು. 2014ರಲ್ಲಿ ತೋಳವಾದವನು ಗುರುಗುಟ್ಟಬೇಕಿತ್ತು, ಈಗಿನ ತೋಳ ಮಾತಾಡಬಲ್ಲದು. ಮೂಗರಂತೆ ಕೈಬಾಯಿ ಸನ್ನೆ ಮಾಡಿ ಗೆಳೆಯರಿಗೆ ಅಪಾಯ ತಿಳಿಸುವ ಮೋಜು ತಪ್ಪಿತಲ್ಲ ಎಂಬ ಕೊರಗು ಮಾತ್ರ ಸಹಜ.

ಆಡಿ ನೋಡಬೇಕೆನ್ನುವವರು ದುಬಾರಿ ಪುಸ್ತಕ ಕೊಳ್ಳಲೇಬೇಕಿಲ್ಲ. 2014ರ ಆವೃತ್ತಿಯ ಮೂಲ ನಿಯಮಗಳನ್ನು ಪ್ರಕಾಶಕರು 2023ರ ಜನವರಿಯಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿರುವ ಅದರಲ್ಲಿ ಡ್ರುಯಿಡ್ ಇದ್ದಾನೆ, ಕಂದು ಕರಡಿ, ಮ್ಯಾಮತ್ ಕೂಡ ಇವೆ. ಚಂದ್ರ ಪಂಥ ಇಲ್ಲ. 20 ಮುಖದ ದಾಳ ಸಿಗದಿದ್ದರೆ 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ ಎತ್ತಿದರೂ ಸಂಭವನೀಯತೆ ಒಂದೇ. ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿ ಕುಲುಕಬೇಕು, ಅಷ್ಟೆ.