ಬಲಿಷ್ಠವಾದ ಮೋಟಾರು ಕಾರೂ ವೇಗದ ಮೋಹವೂ

ಕುದುರೆಯನ್ನೇರಿ ಹೋಗುವವನಿಗೆ ಓಟದ ವೇಗವನ್ನು ಕುದುರೆಯೇ ತಿಳಿಸುತ್ತಿತ್ತು. ಅದರ ಏದುಸಿರು, ಬಾಯ ನೊರೆ, ಗೊರಸಿನ ಸಪ್ಪಳ, ಸವಾರನ ಸೊಂಟಕ್ಕೆ ತಗಲುವ ಕುಲುಕಾಟ ಇವೆಲ್ಲವೂ ವೇಗದ ವರ್ತಮಾನವನ್ನು ತರುವ ದೂತರಂತಿದ್ದುವು. ವೇಗವು ಹೆಚ್ಚಿದಷ್ಟೂ ಪ್ರಾಣಿಗೂ ಸವಾರನಿಗೂ ಆಯಾಸವು ಹೆಚ್ಚುತ್ತಿದ್ದುದರಿಂದ ಓಟಕ್ಕೆ ತಾನಾಗಿಯೇ ಒಂದು ಎಲ್ಲೆಯು ಏರ್ಪಡುತ್ತಿತ್ತು. ಬೆಲೆಬಾಳುವ ಬಲಿಷ್ಠವಾದ ಮೋಟಾರು ಕಾರಿನಲ್ಲಿ ಈ ದೂತರಲ್ಲಿ ಒಬ್ಬೊಬ್ಬರನ್ನೂ ಹೊರಗಟ್ಟಲಾಗಿದೆ. ಸದ್ದಿಲ್ಲ, ಕುಲುಕಿಲ್ಲ, ಆಯಾಸವಿಲ್ಲ. ಸಣ್ಣ ಕಾರಿನಲ್ಲಿ ಗಂಟೆಗೆ 80 ಕಿಲೋಮೀಟರು ವೇಗಕ್ಕೇ ಅಳುಕುತ್ತಿದ್ದ ಜಾಗರೂಕನಾದ ಗೃಹಸ್ಥನು ಇಂಥ ಕಾರನ್ನು ಕೊಂಡಮೇಲೆ 140ರ ವೇಗದಲ್ಲಿಯೂ ನಿಶ್ಚಿಂತನಾಗಿ ಮಾತನಾಡುತ್ತ ಹೋಗುವುದುಂಟು. ಅವನ ಸ್ವಭಾವವು ಒಂದು ದಿನದಲ್ಲಿ ಕೆಟ್ಟಿತೆಂದು ಹೇಳಲಾಗದು. ಹಾಗಾದರೆ ಈ ಮೋಹಕ್ಕೆ ಮೂಲವೆಲ್ಲಿ, ಅದರ ನಿಗ್ರಹಕ್ಕೆ ಉಪಾಯವೇನು ಎಂಬುದನ್ನು ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ.

1. ವೇಗದ ಅರಿವು

ಒಂದೇ ಸಮನಾದ ವೇಗವನ್ನು ನೇರವಾಗಿ ಅರಿಯುವ ಇಂದ್ರಿಯವು ಮನುಷ್ಯನಿಗಿಲ್ಲ. ಒಳಗಿವಿಯಲ್ಲಿರುವ ಸಮತೋಲನದ ಅಂಗಗಳು ವೇಗದ ಏರಿಳಿತವನ್ನೂ ತಿರುವನ್ನೂ ಅರಿಯುವುವೇ ಹೊರತು ಸಮವೇಗವನ್ನು ಅರಿಯಲಾರವು. ಹೊಗೆಬಂಡಿಯಲ್ಲಿ ಕಣ್ಣು ಮುಚ್ಚಿ ಕುಳಿತವನಿಗೆ ವೇಗವು ಎಷ್ಟೆಂಬುದು ಹಳಿಯ ಸದ್ದಿನಿಂದಲೂ ಗಾಡಿಯ ನಡುಕದಿಂದಲೂ ಮಾತ್ರವೇ ಊಹೆಯಾಗುವುದು. ಆದುದರಿಂದ ವೇಗದ ಅರಿವೆಂಬುದು ಪ್ರತ್ಯಕ್ಷಕ್ಕಿಂತ ಅನುಮಾನಕ್ಕೆ ಹತ್ತಿರವಾದುದು. ಕಣ್ಣಿನ ಅಂಚಿನಲ್ಲಿ ಹಿಂದಕ್ಕೆ ಸರಿಯುವ ಮರಗಿಡಗಳು, ಕಿವಿಗೆ ಬೀಳುವ ಗಾಳಿಯ ಮತ್ತು ಯಂತ್ರದ ಸದ್ದು, ಮೈಗೆ ತಾಗುವ ನಡುಕ, ಇವುಗಳೇ ಈ ಅನುಮಾನಕ್ಕೆ ಹೇತುಗಳು. ಕಾಳಿದಾಸನು ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ವೇಗವನ್ನು ಕಣ್ಣಿಗೆ ತೋರುವ ವಸ್ತುಗಳ ಮಾರ್ಪಾಡಿನ ಮೂಲಕವೇ ವರ್ಣಿಸಿರುವುದು ಇಲ್ಲಿ ಸ್ಮರಣೀಯವಾಗಿದೆ.

ಹೇತುವು ಕುಂದಿದರೆ ಅನುಮಾನವೂ ತಪ್ಪುವುದು ಸಹಜ. ಕಾರಿನೊಳಗಿನ ಸದ್ದನ್ನು ತಗ್ಗಿಸಿದಾಗ ನೋಡುವವರು ವೇಗವನ್ನು ನಿಜಕ್ಕಿಂತ ಕಡಮೆಯೆಂದು ಎಣಿಸುವರೆಂಬುದನ್ನು ಹಾರ್ಸ್‌ವಿಲ್ ಮತ್ತು ಪ್ಲೂಯ್ ಎಂಬ ವಿದ್ವಾಂಸರು 2008ರಲ್ಲಿ ಪ್ರಯೋಗದಿಂದ ತೋರಿಸಿದರು. ಆದರೆ ಸದ್ದಿಲ್ಲದಿರುವುದೇ ಇಂಥ ಕಾರುಗಳ ಹೆಗ್ಗಳಿಕೆ. 1958ರಲ್ಲಿ ಡೇವಿಡ್ ಓಗಿಲ್ವಿಯು ರೋಲ್ಸ್ ರಾಯ್ಸ್ ಕಾರಿಗೆ ಬರೆದ ಪ್ರಸಿದ್ಧವಾದ ಜಾಹೀರಾತಿನ ಸಾರವು, ಗಂಟೆಗೆ 60 ಮೈಲಿಗಳ ಓಟದಲ್ಲಿಯೂ ಒಳಗೆ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು ಗಡಿಯಾರದ ಸದ್ದೇ ಎಂಬುದಾಗಿತ್ತು. ಕೊಳ್ಳುವವನಿಗೆ ಇದು ಸುಖ. ಓಡಿಸುವವನಿಗೆ ಇದು ಒಬ್ಬ ಸಾಕ್ಷಿಯ ಬಾಯಿ ಕಟ್ಟಿದಂತೆ.

ಇದಕ್ಕೆ ಅಭ್ಯಾಸದ ದೋಷವೂ ಸೇರಿಕೊಳ್ಳುವುದು. ವೇಗದಲ್ಲಿ ಬಹಳ ಹೊತ್ತು ಇದ್ದವನಿಗೆ ಆ ವೇಗವು ಮೆಲ್ಲಮೆಲ್ಲನೆ ಮಂದವಾಗಿ ತೋರತೊಡಗುವುದು. ಅಮೆರಿಕದಲ್ಲಿ 1969ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 70 ಮೈಲಿಗಳ ವೇಗದಲ್ಲಿ ಬಹುದೂರ ಓಡಿಸಿದವರಿಗೆ, ವೇಗಮಾಪಕವನ್ನು ನೋಡದೆ 40 ಮೈಲಿಗೆ ಇಳಿಸಬೇಕೆಂದು ಹೇಳಲಾಗಿ, ಅವರು 50 ಮೈಲಿಗೂ ಮೇಲ್ಪಟ್ಟ ವೇಗದಲ್ಲಿಯೇ ನಿಂತು ಅದನ್ನೇ 40 ಎಂದು ನಂಬಿದ್ದರು. ಸ್ಕಾಟ್ಲೆಂಡಿನ ನ್ಯೂಬ್ರಿಜ್ ಎಂಬಲ್ಲಿ ಹೆದ್ದಾರಿಯು ವೃತ್ತವನ್ನು ಸೇರುವ ಕಡೆ, ಡೆಂಟನ್ ಎಂಬ ಸಂಶೋಧಕನ ಸೂಚನೆಯಂತೆ 1971ರಲ್ಲಿ ರಸ್ತೆಗೆ ಅಡ್ಡಲಾಗಿ ಹಳದಿಯ ಪಟ್ಟೆಗಳನ್ನು ಎಳೆದರು. ವೃತ್ತವು ಹತ್ತಿರವಾದಂತೆ ಪಟ್ಟೆಗಳ ನಡುವಣ ಅಂತರವು ಕಿರಿದಾಗುತ್ತ ಬರುವುದರಿಂದ, ವೇಗವು ಏರುತ್ತಿದೆಯೆಂಬ ಭ್ರಮೆಯುಂಟಾಗಿ ಚಾಲಕನು ತಾನಾಗಿಯೇ ವೇಗವನ್ನು ತಗ್ಗಿಸುವನು. ಕಣ್ಣಿನ ಮೋಸವನ್ನು ಕಣ್ಣಿನಿಂದಲೇ ಪರಿಹರಿಸಿದ ಯುಕ್ತಿಯಿದು.

2. ಉಳಿದ ಬಲದ ಕರೆ

ಮೋಹಕ್ಕೆ ಎರಡನೆಯ ಕಾರಣವು ಎಂಜಿನಿನಲ್ಲಿಯೇ ಇದೆ. ಸಾಧಾರಣವಾದ ಆಕಾರದ ಕಾರೊಂದನ್ನು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ನಡೆಯಿಸಲು, ಗಾಳಿಯ ಮತ್ತು ಟೈರುಗಳ ತಡೆಯನ್ನು ಲೆಕ್ಕ ಹಾಕಿದರೆ, ಸುಮಾರು 20 ಅಶ್ವಶಕ್ತಿಯು ಸಾಕು. 500 ಅಶ್ವಶಕ್ತಿಯ ಕಾರಿನಲ್ಲಿ ಇದು ಇಪ್ಪತ್ತೈದರಲ್ಲಿ ಒಂದು ಪಾಲು. ಮಿಕ್ಕ ಇಪ್ಪತ್ತನಾಲ್ಕು ಪಾಲು ಚಾಲಕನ ಬಲಗಾಲಿನ ಕೆಳಗೆ ಸುಮ್ಮನೆ ಕಾದಿರುವುದು. ಸಣ್ಣ ಕಾರಿನಲ್ಲಿ ವೇಗವನ್ನು ಹೆಚ್ಚಿಸಬೇಕಾದರೆ ಎಂಜಿನು ಗೋಳಿಡುವುದು, ಕಾಲು ಒತ್ತಬೇಕಾಗುವುದು, ಹೊತ್ತು ಹಿಡಿಯುವುದು; ಇಚ್ಛೆಗೂ ಫಲಕ್ಕೂ ನಡುವೆ ಯೋಚಿಸಲು ಬಿಡುವಿರುವುದು. ಬಲಿಷ್ಠವಾದ ಕಾರಿನಲ್ಲಿ ಆ ಬಿಡುವಿಲ್ಲ. ಪಾದವು ಬೆರಳಗಲ ಇಳಿದರೆ ಮುಳ್ಳು 100ರಿಂದ 140ಕ್ಕೆ ಏರಿರುವುದು. ಇಲ್ಲಿ ನಿರ್ಧರಿಸಿ ಮಾಡುವ ತಪ್ಪಿಗಿಂತ ನಿರ್ಧರಿಸದೆ ಆಗುವ ತಪ್ಪೇ ಹೆಚ್ಚು.

ಇದರ ಮೇಲೆ ಮನಸ್ಸಿನ ಅಭಿಮಾನವೂ ಸೇರುವುದು. ಧಾವಿಸುವ ಕಾರು ಗ್ರೀಕರ ಪ್ರಸಿದ್ಧ ಶಿಲ್ಪಕ್ಕಿಂತಲೂ ಸುಂದರವೆಂದು ಇಟಲಿಯ ಮಾರಿನೆಟ್ಟಿಯು 1909ರಲ್ಲಿಯೇ ಸಾರಿದ್ದನು. ಅದಕ್ಕೆ ಒಂದು ವರ್ಷದ ಹಿಂದೆಯೇ, ಇಂಗ್ಲೆಂಡಿನ ಕೆನೆತ್ ಗ್ರಹಾಮನು ತನ್ನ ಮಕ್ಕಳ ಕಥೆಯೊಂದರಲ್ಲಿ ಮೋಟಾರಿನ ಹುಚ್ಚು ಹಿಡಿದ ಶ್ರೀಮಂತ ಕಪ್ಪೆಯೊಂದನ್ನು ಚಿತ್ರಿಸಿ ನಗಿಸಿದ್ದನು. ಕೊಂಡ ಬಲವನ್ನು ಉಪಯೋಗಿಸದಿದ್ದರೆ ಕೊಟ್ಟ ಹಣವು ವ್ಯರ್ಥವೆಂಬ ಭಾವನೆಯು ಈ ಮೋಹಕ್ಕೆ ನ್ಯಾಯದ ವೇಷವನ್ನು ತೊಡಿಸುವುದು.

3. ವರ್ಗದ ನಿಯಮ

ಇಂದ್ರಿಯಗಳಿಗೆ ವೇಗವು ಕಡಮೆಯಾಗಿ ತೋರಬಹುದು; ಭೌತಶಾಸ್ತ್ರವು ಹಾಗೆ ಮೋಸಹೋಗದು. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗವು ಇಮ್ಮಡಿಯಾದರೆ ಶಕ್ತಿಯು ನಾಲ್ವಡಿಯಾಗುವುದು. ಇದನ್ನು ಎತ್ತರದ ಮೂಲಕ ಸುಲಭವಾಗಿ ಊಹಿಸಬಹುದು. ಗಾಳಿಯ ತಡೆಯನ್ನು ಎಣಿಸದಿದ್ದರೆ, ಶ್ರವಣಬೆಳಗೊಳದ ಗೊಮ್ಮಟನ ಎತ್ತರದಿಂದ ಬಿದ್ದ ಕಲ್ಲು ನೆಲವನ್ನು ಮುಟ್ಟುವಾಗ ಅದರ ವೇಗವು ಗಂಟೆಗೆ ಸುಮಾರು 66 ಕಿಲೋಮೀಟರು. 250 ಕಿಲೋಮೀಟರು ವೇಗವು ಬರಬೇಕಾದರೆ 245 ಮೀಟರಿಗೂ ಹೆಚ್ಚಿನ ಎತ್ತರ ಬೇಕು. ಎಂದರೆ 253 ಮೀಟರು ಎತ್ತರದ ಜೋಗದ ನೆತ್ತಿಯಿಂದ ಬೀಳಬೇಕು. ಮೆತ್ತನೆಯ ಪೀಠದಲ್ಲಿ ಕುಳಿತವನಿಗೆ ತಾನು ಅಂಥ ಪ್ರಪಾತದ ಅಂಚಿನಲ್ಲಿರುವೆನೆಂಬುದು ತೋರುವುದಿಲ್ಲ.

ವ್ಯವಹಾರಕ್ಕೆ ಇನ್ನೂ ಹತ್ತಿರವಾದ ಲೆಕ್ಕವೊಂದಿದೆ. ಚಾಲಕನು ಅಪಾಯವನ್ನು ಕಂಡು ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿಯುವುದೆಂದೂ, ಒತ್ತಿದಮೇಲೆ ಒಣ ರಸ್ತೆಯಲ್ಲಿ ಪ್ರತಿಯೊಂದು ಸೆಕೆಂಡಿನಲ್ಲಿಯೂ ಕಾರಿನ ವೇಗವು ಸೆಕೆಂಡಿಗೆ 7 ಮೀಟರಿನಷ್ಟು ಕುಗ್ಗುವುದೆಂದೂ ಇಟ್ಟುಕೊಳ್ಳಬಹುದು. ಗಂಟೆಗೆ 100 ಕಿಲೋಮೀಟರು ವೇಗದ ಕಾರು ಮೊದಲ ಸೆಕೆಂಡಿನಲ್ಲಿ 28 ಮೀಟರು, ಅನಂತರ 55 ಮೀಟರು, ಒಟ್ಟು 83 ಮೀಟರು ಸಾಗಿ ನಿಲ್ಲುವುದು. ಅಷ್ಟು ದೂರದಲ್ಲಿ ರಸ್ತೆಯನ್ನು ದಾಟುತ್ತಿದ್ದ ಬಾಲಕನು ಬದುಕಿಕೊಳ್ಳುವನು. ಅದೇ ಕಾರು ಅದೇ ಬ್ರೇಕಿನೊಡನೆ 120ರ ವೇಗದಲ್ಲಿ ಬಂದರೆ, ಆ ಬಾಲಕನು ನಿಂತ ಸ್ಥಳವನ್ನು ಮುಟ್ಟುವಾಗಲೂ ಅದರ ವೇಗವು ಗಂಟೆಗೆ 70 ಕಿಲೋಮೀಟರನ್ನು ಮೀರಿರುವುದು. ಚಾಲಕನು ಹೆಚ್ಚಿಸಿದುದು ಇಪ್ಪತ್ತು. ಬಾಲಕನಿಗೆ ತಾಗಿದುದು ಎಪ್ಪತ್ತು.

ಉತ್ತಮವಾದ ಕಾರಿಗೆ ಉತ್ತಮವಾದ ಬ್ರೇಕುಗಳಿರುವುವಲ್ಲ ಎಂಬ ಆಕ್ಷೇಪಣೆಯು ಬರಬಹುದು. ಇರುವುದು ನಿಜ. ಆದರೆ ಬ್ರೇಕಿನ ಸಾಮರ್ಥ್ಯಕ್ಕೆ ಕೊನೆಯ ಎಲ್ಲೆಯನ್ನು ಇಡುವುದು ಟೈರಿಗೂ ರಸ್ತೆಗೂ ಇರುವ ಹಿಡಿತ. ಮಳೆ ಬಿದ್ದ ರಸ್ತೆಯಲ್ಲಿ ಅದು ಬೆಲೆಬಾಳುವ ಕಾರಿಗೂ ಕುಗ್ಗುವುದು. ಚಾಲಕನ ಒಂದು ಸೆಕೆಂಡನ್ನು ಯಾವ ಹಣವೂ ಅರ್ಧಮಾಡಲಾರದು. ಗಾಳಿಚೀಲ, ಪಟ್ಟಿ, ಗಟ್ಟಿಯಾದ ಚೌಕಟ್ಟು ಇವು ಮುಖ್ಯವಾಗಿ ಒಳಗಿರುವವರ ರಕ್ಷಣೆಗಾಗಿ ಏರ್ಪಟ್ಟವು. ಹೊರಗೆ ನಡೆಯುವವನಿಗೆ ಮೈಯ ಮೇಲಿನ ಬಟ್ಟೆಯೇ ಕವಚ. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ, ಕಾರಿನ ಮುಂಭಾಗಕ್ಕೆ ಸಿಕ್ಕಿದ ಪಾದಚಾರಿಯ ಮರಣಸಂಭವವು 50ರಿಂದ 65 ಕಿಲೋಮೀಟರಿಗೆ ವೇಗವೇರಿದಾಗ ನಾಲ್ಕೂವರೆ ಪಟ್ಟು ಹೆಚ್ಚುವುದು. ರಸ್ತೆಯ ಸರಾಸರಿ ವೇಗವು ನೂರಕ್ಕೆ 1ರಂತೆ ಏರಿದರೆ ಮಾರಕವಾದ ಅಪಘಾತದ ಸಂಭವವು ನೂರಕ್ಕೆ 4ರಂತೆ ಏರುವುದೆಂದೂ ಅದು ತಿಳಿಸಿದೆ.

4. ಉಳಿತಾಯದ ಲೆಕ್ಕ

ಅಪಾಯವು ಏರುವ ರೀತಿ ಹೀಗಿರಲು ಲಾಭವು ಇಳಿಯುವ ರೀತಿಯನ್ನೂ ನೋಡತಕ್ಕದ್ದು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ದವು 118 ಕಿಲೋಮೀಟರು. ಅಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ವಿಧಿಸಲಾಯಿತು. ಎಲ್ಲಿಯೂ ತಡೆಯಿಲ್ಲದೆ ಈ ಮಿತಿಯಲ್ಲಿ ಹೋದರೆ 71 ನಿಮಿಷಗಳು ಬೇಕು. 120ರಲ್ಲಿ ಹೋದರೆ 59, 140ರಲ್ಲಿ 51, 160ರಲ್ಲಿ 44. ಒಂದೊಂದು ಇಪ್ಪತ್ತರ ಏರಿಕೆಗೂ ದೊರೆಯುವ ಲಾಭವು ಕ್ರಮವಾಗಿ ಹನ್ನೆರಡು, ಎಂಟು, ಆರು ನಿಮಿಷಗಳಂತೆ ಕುಗ್ಗುತ್ತ ಬರುವುದು. ಕಾರಿನ ಶಕ್ತಿಯಾದರೋ 100ರಲ್ಲಿದ್ದುದಕ್ಕಿಂತ 160ರಲ್ಲಿ ಎರಡೂವರೆ ಪಟ್ಟಿಗೂ ಹೆಚ್ಚಾಗಿರುವುದು. ಉಳಿಸಿದ ನಿಮಿಷಗಳನ್ನು ಮೈಸೂರಿನ ಮೊದಲನೆಯ ವೃತ್ತದಲ್ಲಿ ಕೆಂಪು ದೀಪದ ಮುಂದೆ ತೆರಬೇಕಾಗಿ ಬರುವುದೂ ಅಪೂರ್ವವಲ್ಲ.

5. ನಿಗ್ರಹದ ಉಪಾಯಗಳು

ಕಾನೂನು ಈ ವಿಷಯದಲ್ಲಿ ಬಹುಕಾಲದಿಂದ ತೊಳಲಿದೆ. ಇಂಗ್ಲೆಂಡಿನ 1865ರ ಶಾಸನವು ಯಂತ್ರವಾಹನಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಎಂದು ವಿಧಿಸಿ, ಮುಂದೆ ಕೆಂಪು ಬಾವುಟವನ್ನು ಹಿಡಿದು ಒಬ್ಬನು ನಡೆಯಬೇಕೆಂದಿತು. 1903ರಲ್ಲಿ ಮಿತಿಯು 20 ಮೈಲಿಗೆ ಏರಿತು. 1930ರಲ್ಲಿ ಕಾರುಗಳಿಗೆ ಮಿತಿಯೇ ತೊಲಗಿತು. ಆದರೆ 1934ರ ಶಾಸನದಿಂದ ಜನವಸತಿಯ ಪ್ರದೇಶಗಳಲ್ಲಿ 30 ಮೈಲಿಯ ಮಿತಿಯನ್ನು ಮರಳಿ ತರಬೇಕಾಯಿತು. ಯಂತ್ರದಲ್ಲಿಯೇ ಕಡಿವಾಣವನ್ನಿಡುವ ಪ್ರಯತ್ನವು ಈಚಿನದು. ಜರ್ಮನಿಯ ದೊಡ್ಡ ತಯಾರಕರಲ್ಲಿ ಅನೇಕರು 1980ರ ದಶಕದ ಕೊನೆಯಿಂದ ತಮ್ಮ ಕಾರುಗಳನ್ನು ಗಂಟೆಗೆ 250 ಕಿಲೋಮೀಟರಿಗೆ ಕಟ್ಟುವ ರೂಢಿಯನ್ನು ತಂದರು. ಸ್ವೀಡನ್ನಿನ ವೋಲ್ವೋ ಸಂಸ್ಥೆಯು 2020ರಲ್ಲಿ 180ಕ್ಕೆ ಇಳಿಸಿತು. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಪ್ರತಿಯೊಂದು ಹೊಸ ಕಾರಿನಲ್ಲಿಯೂ ಮಿತಿ ಮೀರಿದುದನ್ನು ಚಾಲಕನಿಗೆ ತಿಳಿಸುವ ಸಾಧನವಿರಬೇಕೆಂದು ನಿಯಮವಾಯಿತು. ಹಿಂದೆ ಕುದುರೆಯು ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರಕ್ಕೆ ಕಲಿಸಬೇಕಾಗಿದೆಯೆಂಬುದೇ ಇದರ ತಾತ್ಪರ್ಯ.

ಇವೆಲ್ಲ ಇದ್ದರೂ ಕೊನೆಯ ಕಡಿವಾಣವು ಚಾಲಕನ ಕೈಯಲ್ಲಿಯೇ ಇರುವುದು. ಕಠೋಪನಿಷತ್ತಿನ ರಥರೂಪಕದಲ್ಲಿ ಬುದ್ಧಿಯು ಸಾರಥಿ, ಇಂದ್ರಿಯಗಳು ಕುದುರೆಗಳು. ಅಲ್ಲಿಯ ಭಯವು ಇಂದ್ರಿಯಗಳು ಕೆರಳಿ ಓಡುವುವೆಂಬುದು. ಬಲಿಷ್ಠವಾದ ಕಾರಿನಲ್ಲಿ ಭಯವು ಇನ್ನೊಂದು ಬಗೆಯದು: ಇಲ್ಲಿ ಇಂದ್ರಿಯಗಳು ಕೆರಳುವುದಿಲ್ಲ, ನಿದ್ರಿಸುವುವು. ಆದುದರಿಂದ ಇಂಥ ಕಾರಿನಲ್ಲಿ ಕುಳಿತವನು ತನ್ನ ಮೈಯ ನೆಮ್ಮದಿಯನ್ನು ಸಾಕ್ಷಿಯಾಗಿ ಒಪ್ಪದೆ ವೇಗಮಾಪಕದ ಮುಳ್ಳನ್ನೇ ನಂಬತಕ್ಕದ್ದು. ಹೆದ್ದಾರಿಯನ್ನು ಬಿಟ್ಟು ಊರನ್ನು ಹೊಗುವಾಗಲಂತೂ ಅದನ್ನು ಎರಡಾವೃತ್ತಿ ನೋಡತಕ್ಕದ್ದು. ಕಾರು ಎಷ್ಟು ಸುಖಕರವೋ ಅಷ್ಟು ಸಲ ಮುಳ್ಳಿನ ಕಡೆ ಕಣ್ಣು ಹೋಗಬೇಕು. ಏಕೆಂದರೆ ಆ ಸುಖವು ಒಳಗಿರುವವನದು. ವೇಗದ ವರ್ಗವಾದರೋ ರಸ್ತೆಯನ್ನು ದಾಟುತ್ತಿರುವವನ ಪಾಲಿಗೆ ಬರುವುದು.